ಸಗಣಿ ಒಲೆಗೋ, ಹೊಲಕ್ಕೋ?

ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ಸಲಹಾ ರಸಾಯನಶಾಸ್ತ್ರಜ್ಞರಾಗಿದ್ದ ಡಾ. ಜಾನ್ ಆಗಸ್ಟಸ್ ವೋಲ್ಕರ್ 1889ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದರು. ಇಲ್ಲಿನ ಬೇಸಾಯವನ್ನು ರಸಾಯನಶಾಸ್ತ್ರದ ನೆರವಿನಿಂದ ಸುಧಾರಿಸುವ ದಾರಿ ಯಾವುದೆಂದು ತಿಳಿಸುವುದು ಸರ್ಕಾರ ಅವರಿಗೆ ಒಪ್ಪಿಸಿದ್ದ ಕೆಲಸ. ಆ ಕಾಲದ ಅಧಿಕಾರಿಗಳಲ್ಲಿ ಅನೇಕರಿಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಈ ದೇಶದ ರೈತ ಗೊಬ್ಬರದ ಬೆಲೆ ತಿಳಿಯದವನು, ಆದ್ದರಿಂದಲೇ ಸಗಣಿಯನ್ನು ಬೆರಣಿ ತಟ್ಟಿ ಸುಡುತ್ತಾನೆ ಎಂಬುದು ಅವರ ತೀರ್ಮಾನ.

ವೋಲ್ಕರ್ ಒಂದು ವರ್ಷಕ್ಕೂ ಮಿಕ್ಕಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸುತ್ತಿದರು. 1893ರಲ್ಲಿ ಪ್ರಕಟವಾದ ಅವರ ವರದಿ ಈ ಮಾತನ್ನು ಒಪ್ಪಲಿಲ್ಲ. ಸೌದೆ ಸುಲಭವಾಗಿ ಸಿಗುವ ಕಡೆ ರೈತ ಸಗಣಿಯನ್ನು ಹೊಲಕ್ಕೇ ಹಾಕುತ್ತಾನೆ, ಸೌದೆ ಇಲ್ಲದ ಕಡೆ ಬೇರೆ ದಾರಿ ಕಾಣದೆ ಒಲೆಗೆ ಹಾಕುತ್ತಾನೆ ಎಂದು ಅವರು ಕಂಡುಕೊಂಡರು. ಭಾರತದ ರೈತ ಸರಾಸರಿಯಲ್ಲಿ ಬ್ರಿಟಿಷ್ ರೈತನಿಗೇನೂ ಕಡಿಮೆಯಲ್ಲ, ಕೆಲವು ವಿಷಯಗಳಲ್ಲಿ ಅವನಿಗಿಂತ ಮೇಲು ಎಂದೂ ಬರೆದರು. ಆಳುವವರ ಸಂಬಳ ಪಡೆದು ಬಂದ ತಜ್ಞರೊಬ್ಬರು ಇಷ್ಟನ್ನು ಬರೆದದ್ದು ಸಣ್ಣ ವಿಷಯವಲ್ಲ.

ದನ ಸಾಕುವ ಮನೆಯವರು ಸಗಣಿ, ಗಂಜಲಗಳನ್ನು ಏನು ಮಾಡಬೇಕೆಂದು ಹೇಗೆ ನಿರ್ಧರಿಸುತ್ತಾರೆ? ನೂರ ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದ್ದಿದೆ. ಪ್ರತಿ ಸಲವೂ ಮೊದಲು ಸಿಗುವ ಉತ್ತರ ‘ಅವರಿಗೆ ತಿಳಿವಳಿಕೆ ಸಾಲದು’ ಎಂಬುದೇ. ಪ್ರತಿ ಸಲವೂ ಅದು ಸಾಲದೆ ಬಂದಿದೆ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆಯಿತು.

ಸುಟ್ಟರೆ ಏನು ಹೋಗುತ್ತದೆ?

ಹಸಿ ಸಗಣಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರು. ಉಳಿದದ್ದರಲ್ಲಿ ಹೆಚ್ಚಿನದು ದನದ ಹೊಟ್ಟೆಯಲ್ಲಿ ಅರಗದೆ ಉಳಿದ ನಾರು. ಅದರೊಂದಿಗೆ ಸಾರಜನಕ, ರಂಜಕ, ಪೊಟ್ಯಾಸಿಯಮ್ ಮತ್ತಿತರ ಖನಿಜಗಳಿರುತ್ತವೆ. ಬೆರಣಿಯನ್ನು ಸುಟ್ಟಾಗ ರಂಜಕ, ಪೊಟ್ಯಾಸಿಯಮ್‌ಗಳ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಸಾರಜನಕ ಮಾತ್ರ ಹೊಗೆಯೊಂದಿಗೆ ಗಾಳಿಗೆ ಹೋಗುತ್ತದೆ. ಮಣ್ಣನ್ನು ಸಡಿಲವಾಗಿಟ್ಟು ನೀರು ಹಿಡಿದಿಡಬಲ್ಲ ಸಾವಯವ ಪದಾರ್ಥವೂ ಉರಿದುಹೋಗುತ್ತದೆ. ಆದ್ದರಿಂದ ಸುಡುವುದು ಹೊಲಕ್ಕೆ ನಷ್ಟ ಎಂಬುದರಲ್ಲಿ ತಕರಾರಿಲ್ಲ.

ಆದರೆ ಮನೆಯ ಲೆಕ್ಕವೇ ಬೇರೆ. ಹೊಲಕ್ಕೆ ಹಾಕಿದ ಗೊಬ್ಬರದ ಫಲ ಕಾಣಬೇಕಾದರೆ ಒಂದು ಬೆಳೆ ಬರಬೇಕು, ಮಳೆಯೂ ಒದಗಬೇಕು. ಒಲೆ ಮಾತ್ರ ಇಂದು ಸಂಜೆಯೇ ಉರಿಯಬೇಕು. ಬೆರಣಿಗೆ ತನ್ನದೇ ಗುಣಗಳೂ ಇವೆ. ಅದು ನಿಧಾನವಾಗಿ, ಒಂದೇ ಸಮನೆ ಉರಿಯುತ್ತದೆ. ಹಾಲನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕಾಯಿಸಲು, ಒಲೆಯ ಮುಂದೆ ಕೂರಲು ಬಿಡುವಿಲ್ಲದ ಹೆಂಗಸರು ಬೇರೆ ಕೆಲಸ ನೋಡಿಕೊಂಡು ಬರಲು, ಇದಕ್ಕಿಂತ ಅನುಕೂಲವಾದ ಇಂಧನ ಆಗ ಇರಲಿಲ್ಲ. ಒಣಗಿಸಿ ಗೂಡು ಕಟ್ಟಿಟ್ಟರೆ ಮಳೆಗಾಲ ಕಳೆಯುತ್ತಿತ್ತು. ಪಟ್ಟಣ ಹತ್ತಿರವಿದ್ದರೆ ನಾಲ್ಕು ಕಾಸಿಗೆ ಮಾರಲೂ ಬಹುದಾಗಿತ್ತು.

ಹೀಗಾಗಿ ವೋಲ್ಕರ್ ಸೂಚಿಸಿದ ಮದ್ದು ಉಪದೇಶವಾಗಿರಲಿಲ್ಲ. ಹಳ್ಳಿಗಳಿಗೆ ಹತ್ತಿರದಲ್ಲಿ ಸೌದೆಗೂ ಮೇವಿಗೂ ಮೀಸಲಾದ ನೆಡುತೋಪುಗಳನ್ನು ಬೆಳೆಸಿ ಎಂದರು. ಸೌದೆ ಬಂದರೆ ಸಗಣಿ ತಾನಾಗಿ ಹೊಲಕ್ಕೆ ಹಿಂದಿರುಗುತ್ತದೆ ಎಂಬುದು ಅವರ ತರ್ಕ. ಗಂಜಲ ವ್ಯರ್ಥವಾಗುವುದನ್ನೂ ಅವರು ಗುರುತಿಸಿದ್ದರು. ಗಂಜಲದಲ್ಲಿರುವ ಸಾರಜನಕ ಬೆಳೆಗೆ ಬೇಗ ದಕ್ಕುವಂಥದು. ಆದರೆ ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಅದು ಇಂಗಿಹೋಗುತ್ತಿತ್ತು. 1926ರಲ್ಲಿ ನೇಮಕವಾಗಿ 1928ರಲ್ಲಿ ವರದಿ ಕೊಟ್ಟ ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗದ ಮುಂದೆಯೂ ಇದೇ ಪ್ರಶ್ನೆ ಬಂತು. ಅಂದರೆ ಮೂವತ್ತೈದು ವರ್ಷಗಳಲ್ಲಿ ಪ್ರಶ್ನೆ ಇದ್ದಲ್ಲಿಯೇ ಇತ್ತು.

ಗುಂಡಿಯೂ ಕೂಲಿಯೂ

ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಬೇರೊಂದು ದಾರಿ ಹಿಡಿದರು. ಸುಡದೆ ಉಳಿಯುವ ಸಗಣಿ ಸ್ವಲ್ಪವೇ ಆದರೂ ಅದನ್ನು ಹೆಪ್ಪಿನಂತೆ ಬಳಸಿ ಹೊಲದ ಕಸಕಡ್ಡಿಯನ್ನೆಲ್ಲ ಗೊಬ್ಬರ ಮಾಡಬಹುದಲ್ಲವೇ ಎಂಬುದು ಅವರ ಯೋಚನೆ. ಕಸ, ಸಗಣಿ, ಬೂದಿ, ಗಂಜಲ ಹೀರಿದ ಮಣ್ಣು ಇವನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಮೂರು ಸಲ ಮಗುಚಿದರೆ ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧ. ಕೊಟ್ಟಿಗೆಯ ನೆಲಕ್ಕೆ ಒಣಮಣ್ಣು ಹಾಸಿ, ಅದು ಗಂಜಲ ಹೀರಿದ ಮೇಲೆ ಕೆಲವು ತಿಂಗಳಿಗೊಮ್ಮೆ ಅಗೆದು ಗೊಬ್ಬರಕ್ಕೆ ಸೇರಿಸುವ ಉಪಾಯ ಈ ಕ್ರಮದ ಜಾಣತನ. ಹೋವರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ‘ಇಂದೋರ್ ವಿಧಾನ’ ಜಗತ್ತಿಗೆಲ್ಲ ಹಬ್ಬಿತು.

ವಿಧಾನದಲ್ಲಿ ದೋಷವಿಲ್ಲ. ಆದರೆ ಮಗುಚುವವರು ಯಾರು? ಬೇಸಗೆಯಲ್ಲಿ ಗುಂಡಿಗೆ ನೀರು ಎಲ್ಲಿಂದ? ದೊಡ್ಡ ತೋಟಗಳಲ್ಲಿ, ಕೂಲಿಯಾಳು ಸಿಗುವ ಕಡೆ, ಅದು ಚೆನ್ನಾಗಿ ನಡೆಯಿತು. ಎರಡು ಎತ್ತು, ಒಂದು ಹಸುವಿನ ಮನೆಗೆ ಅದು ಹೆಚ್ಚಿನ ದುಡಿಮೆಯಾಗಿ ಕಂಡಿತು. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ‘ಬೆಂಗಳೂರು ವಿಧಾನ’ವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅದು ಮುಖ್ಯವಾಗಿ ಪಟ್ಟಣಗಳ ಕಸಕ್ಕೆಂದು ಮಾಡಿದ್ದು. ಅದರಲ್ಲಿ ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿದರಾಯಿತು. ಮಗುಚುವ ಕೆಲಸವಿಲ್ಲ, ಮತ್ತೆ ನೀರು ಹಾಕಬೇಕಿಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೆ. ಒಂದು ವಿಧಾನ ಕಾಲವನ್ನು ಉಳಿಸುತ್ತದೆ, ಇನ್ನೊಂದು ದುಡಿಮೆಯನ್ನು. ಪಠ್ಯಪುಸ್ತಕಗಳಲ್ಲಿ ಇವೆರಡನ್ನೂ ವಾಯುಸಹಿತ, ವಾಯುರಹಿತ ಎಂಬ ವ್ಯತ್ಯಾಸದಿಂದ ಪಾಠ ಮಾಡುತ್ತೇವೆ. ರೈತನ ಕಣ್ಣಿಗೆ ಮೊದಲು ಬೀಳುವುದು ಈ ಇನ್ನೊಂದು ವ್ಯತ್ಯಾಸ.

ದುಡಿಮೆಯ ಲೆಕ್ಕ ಎಷ್ಟು ಹಳೆಯದೆಂಬುದಕ್ಕೆ ನಮ್ಮ ಬಯಲುಸೀಮೆಯ ಕುರಿಮಂದೆಯೇ ಸಾಕ್ಷಿ. ಬೆಳೆ ಕೊಯ್ದ ಹೊಲದಲ್ಲಿ ಕುರಿಗಾರರ ಮಂದೆಯನ್ನು ರಾತ್ರಿ ನಿಲ್ಲಿಸಿಕೊಂಡು, ಅದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ಇಂದಿಗೂ ಇದೆ. ಗೊಬ್ಬರ ತಾನೇ ನಡೆದು ಹೊಲಕ್ಕೆ ಬರುತ್ತದೆ. ಗಾಡಿ ಕಟ್ಟಬೇಕಿಲ್ಲ, ಗಂಜಲವೂ ವ್ಯರ್ಥವಾಗುವುದಿಲ್ಲ. ಇದನ್ನು ಯಾವ ಇಲಾಖೆಯೂ ಕಲಿಸಿದ್ದಲ್ಲ.

ಗ್ಯಾಸು ಬಂತು

ಸಗಣಿಯನ್ನು ಒಲೆಗೂ ಹೊಲಕ್ಕೂ ಒಟ್ಟಿಗೆ ಕೊಡಬಹುದು ಎಂದು ತೋರಿಸಿದ್ದು ಗೋಬರ್ ಅನಿಲ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಕೊಳೆತಾಗ ಸೂಕ್ಷ್ಮಜೀವಿಗಳು ಅದರ ಇಂಗಾಲದ ಒಂದು ಭಾಗವನ್ನು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತವೆ. ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿ 1939ರಲ್ಲಿ ಸಗಣಿಯಿಂದ ಅನಿಲ ಪಡೆಯುವ ಪ್ರಯೋಗ ಆರಂಭಿಸಿದರು. ಜಶಭಾಯಿ ಪಟೇಲ್ 1950ರ ದಶಕದಲ್ಲಿ ‘ಗ್ರಾಮಲಕ್ಷ್ಮಿ’ ಎಂಬ, ಮೇಲೆ ತೇಲುವ ಡ್ರಮ್ಮಿರುವ ಸ್ಥಾವರವನ್ನು ರೂಪಿಸಿದರು. ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಕೈಗೆತ್ತಿಕೊಂಡಿತು.

ಒಂದು ಸರಳ ಲೆಕ್ಕ ಮಾಡೋಣ. 1 ಕಿಲೊಗ್ರಾಂ ಹಸಿ ಸಗಣಿ ಒಣಗಿದರೆ ಸುಮಾರು 200 ಗ್ರಾಂ ಬೆರಣಿ. ಅದರ ಶಾಖ ಸುಮಾರು 650 ಕಿಲೊಕ್ಯಾಲೊರಿ. ಹಳೆಯ ಒಲೆಯಲ್ಲಿ ಹತ್ತರಲ್ಲೊಂದು ಪಾಲು ಪಾತ್ರೆಗೆ ತಲುಪಿದರೆ 65 ಕಿಲೊಕ್ಯಾಲೊರಿ. ಅದೇ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಅದರ ಶಾಖ ಸುಮಾರು 190 ಕಿಲೊಕ್ಯಾಲೊರಿ. ಬರ್ನರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾತ್ರೆಗೆ ಸೇರುವುದರಿಂದ 100ಕ್ಕೂ ಹೆಚ್ಚು ಕಿಲೊಕ್ಯಾಲೊರಿ ಬಳಕೆಗೆ ಬಂತು. ಅಡುಗೆಗೆ ಹೆಚ್ಚು ಶಾಖ, ಹೊಗೆಯಿಲ್ಲ, ಮೇಲಾಗಿ ಗೊಬ್ಬರ ಉಳಿಯಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇನ್ನೊಂದಿಲ್ಲ.

ಆದರೂ ಗ್ಯಾಸು ಎಲ್ಲರ ಮನೆಗೆ ಬರಲಿಲ್ಲ. ಆರು ಜನರ ಮನೆಗೆ ದಿನದ ಅಡುಗೆಗೆ ಸುಮಾರು 1.5 ಘನ ಮೀಟರ್ ಅನಿಲ ಬೇಕು. ಹಗಲಿಡೀ ಮೇಯಲು ಹೋಗುವ ಎರಡು ದನಗಳಿಂದ ಕೊಟ್ಟಿಗೆಯಲ್ಲಿ ಸಿಗುವ ಸಗಣಿ ಸುಮಾರು 14 ಕಿಲೊಗ್ರಾಂ. ಅದರಿಂದ 0.56 ಘನ ಮೀಟರ್ ಅನಿಲ ಬಂದರೆ ಹೆಚ್ಚು. ನಾಲ್ಕೈದು ದನವಿಲ್ಲದ ಮನೆಗೆ ಸ್ವಂತ ಸ್ಥಾವರ ಹೊಂದುವುದಿಲ್ಲ. ಕಬ್ಬಿಣದ ಡ್ರಮ್ಮಿನ ಬೆಲೆ ಬೇರೆ. 1973ರ ತೈಲ ಬಿಕ್ಕಟ್ಟಿನ ನಂತರ ಸಹಾಯಧನ ಹೆಚ್ಚಿತು. 1981–82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಯೋಜನೆ ಆರಂಭವಾಯಿತು. 1984ರಲ್ಲಿ ಇಟ್ಟಿಗೆಯಲ್ಲೇ ಕಟ್ಟಬಹುದಾದ, ಖರ್ಚು ಕಡಿಮೆಯ ‘ದೀನಬಂಧು’ ಮಾದರಿ ಬಂತು. ಗುರಿ ಮುಟ್ಟಿದ ಅಂಕಿಗಳು ಏರಿದವು. ಕಟ್ಟಿದ ಮೇಲೆ ಎಷ್ಟು ನಡೆಯುತ್ತಿವೆ ಎಂಬ ಪ್ರಶ್ನೆಗೆ ಅಷ್ಟೇ ಉತ್ಸಾಹದ ಉತ್ತರ ಸಿಗುತ್ತಿರಲಿಲ್ಲ. ಇನ್ನೊಂದು ಆಕ್ಷೇಪವೂ ಕೇಳಿಬಂತು. ದಾರಿಯಲ್ಲಿ ಬಿದ್ದ ಸಗಣಿ ಆಯ್ದು ಬೆರಣಿ ತಟ್ಟುತ್ತಿದ್ದವರು ದನವಿಲ್ಲದ ಬಡವರು. ದೊಡ್ಡ ಮನೆಯಲ್ಲಿ ಸಗಣಿಗೆ ಬೆಲೆ ಬಂದಾಗ ಅವರ ಪಾಲಿಗೆ ಬಿಟ್ಟಿ ಇಂಧನ ತಪ್ಪುತ್ತಿತ್ತು.

ಪುರದ ಪಾಠ

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಮೂಲತಃ ವಿದ್ಯುತ್‌ರಸಾಯನಶಾಸ್ತ್ರಜ್ಞರು. ಬಾಕ್ರಿಸ್ ಅವರೊಂದಿಗೆ ಬರೆದ ಅವರ ಪಠ್ಯಪುಸ್ತಕವನ್ನು ವಿದ್ಯಾರ್ಥಿಗಳು ಇಂದೂ ಓದುತ್ತಾರೆ. 1974ರಲ್ಲಿ ಅವರು ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಲು ಕಾರಣರಾದರು. ಕೇಂದ್ರದವರು ಕುಣಿಗಲ್ ತಾಲೂಕಿನ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮೊದಲು ಮಾಡಿದ್ದು ಸ್ಥಾವರ ಕಟ್ಟುವ ಕೆಲಸವಲ್ಲ, ಅಳೆಯುವ ಕೆಲಸ. ಯಾರ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಎಷ್ಟು ದೂರ ನಡೆಯುತ್ತಾರೆ, ದನ ಎಷ್ಟು ಸಗಣಿ ಹಾಕುತ್ತದೆ, ಎಲ್ಲವನ್ನೂ ಮನೆ ಮನೆಗೆ ಹೋಗಿ ತೂಗಿ ಬರೆದುಕೊಂಡರು.

ಅದರಲ್ಲಿ ಒಂದು ಸಂಗತಿ ಎದ್ದು ಕಂಡಿತು. ಪುರ ಎಂಬ ಹಳ್ಳಿಯಲ್ಲಿ ಅಡುಗೆಗೆ ಬೆರಣಿ ಸುಡುತ್ತಲೇ ಇರಲಿಲ್ಲ. ತಲೆಹೊರೆಯಲ್ಲಿ ತರಬಹುದಾದಷ್ಟು ದೂರದಲ್ಲಿ ಸೌದೆ ಸಿಗುವವರೆಗೂ ಸಗಣಿ ಗೊಬ್ಬರವಾಗಿ ಹೊಲಕ್ಕೇ ಹೋಗುತ್ತದೆ ಎಂದು ಸಂಶೋಧಕರು ಬರೆದರು. ತೊಂಬತ್ತು ವರ್ಷಗಳ ಹಿಂದೆ ವೋಲ್ಕರ್ ಕಣ್ಣಂದಾಜಿನಲ್ಲಿ ಹೇಳಿದ್ದು ಇಲ್ಲಿ ತಕ್ಕಡಿಯಲ್ಲಿ ತೂಗಿ ನಿಂತಿತು. ಸೌದೆಗೆ ಹಣ ಕೊಡುತ್ತಿರಲಿಲ್ಲ, ನಿಜ. ಆದರೆ ಅದಕ್ಕಾಗಿ ಪ್ರತಿ ಮನೆಯವರು ದಿನಕ್ಕೆ ಸರಾಸರಿ ಎರಡು ಗಂಟೆಗೂ ಹೆಚ್ಚು ಕಾಲ ಸವೆಸುತ್ತಿದ್ದರು. ಹೆಂಗಸರು, ಮಕ್ಕಳ ದುಡಿಮೆಯ ಪಾಲು ಅದರಲ್ಲಿ ದೊಡ್ಡದು.

ಊರಿಗೆಲ್ಲ ಒಂದೇ ದೊಡ್ಡ ಸ್ಥಾವರ ಕಟ್ಟಿ ಪ್ರತಿ ಮನೆಗೆ ಅಡುಗೆ ಅನಿಲ ಕೊಟ್ಟರೆ ದನ ಕಡಿಮೆ ಇರುವವರಿಗೂ ಅನುಕೂಲವಾದೀತು ಎಂಬುದು ಮೊದಲ ಯೋಜನೆ. 1980ರ ದಶಕದ ಆರಂಭದಲ್ಲಿ ಹಾಗೆಯೇ ಮಾಡಿದರು. ಅದು ಸೋತಿತು. ಮೇಲಿನ ಲೆಕ್ಕವನ್ನು ಊರಿಗೆ ಹಚ್ಚಿ ನೋಡಿದರೆ ಕಾರಣ ಕಾಣುತ್ತದೆ. ಪುರದಲ್ಲಿ ಒಂದು ದನಕ್ಕೆ ಸಿಗುತ್ತಿದ್ದ ಸಗಣಿ ದಿನಕ್ಕೆ ಸುಮಾರು 7 ಕಿಲೊಗ್ರಾಂ ಮಾತ್ರ. ಬಂದ ಅನಿಲ ಎಲ್ಲರ ಎರಡು ಹೊತ್ತಿನ ಅಡುಗೆಗೆ ಸಾಲಲಿಲ್ಲ. ಅರ್ಧ ಅಡುಗೆಗೆ ಗ್ಯಾಸು ಬಂದರೂ ಸೌದೆಗೆ ಹೋಗುವುದು ತಪ್ಪುವುದಿಲ್ಲ. ಅಂದಮೇಲೆ ಸಗಣಿ ಹೊತ್ತು ಸ್ಥಾವರಕ್ಕೆ ಕೊಡುವುದೇಕೆ? ಗೊಬ್ಬರದ ಗುಂಡಿಗೆ ಹಾಕಿದರಾಯಿತು. ಜನ ಹಾಗೆಯೇ ಮಾಡಿದರು.

ಊರಿನವರೊಂದಿಗೆ ಕೂತು ಮಾತಾಡಿದಾಗ ಅವರ ಮೊದಲ ಬೇಡಿಕೆ ಅಡುಗೆ ಅನಿಲವಲ್ಲ, ಕುಡಿಯುವ ನೀರು ಎಂದು ತಿಳಿಯಿತು. ಅಷ್ಟು ಕಾಲ ಅಳೆದವರಿಗೂ ಇದು ಅಂಕಿಗಳಲ್ಲಿ ಕಂಡಿರಲಿಲ್ಲ. ಅಳತೆಗೆ ಅದರದೇ ಮಿತಿಯಿದೆ. ಯಾವುದಕ್ಕೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ ಎಂಬುದನ್ನು ಅದು ಹೇಳೀತು. ಯಾವುದು ಮೊದಲು ಬೇಕು ಎಂಬುದನ್ನು ಜನರೇ ಹೇಳಬೇಕು.

1987ರಲ್ಲಿ ಅದೇ ಸ್ಥಾವರದ ಅನಿಲವನ್ನು ಒಲೆಗೆ ಕಳಿಸುವ ಬದಲು ಎಂಜಿನ್ನಿಗೆ ಕೊಟ್ಟರು. ಅನಿಲ ಮತ್ತು ಸ್ವಲ್ಪ ಡೀಸೆಲ್‌ನಿಂದ ನಡೆಯುವ 5 ಕಿಲೊವಾಟ್ ಎಂಜಿನ್ನು ಜನರೇಟರನ್ನು ತಿರುಗಿಸಿತು. ಮನೆಗಳಿಗೆ ಟ್ಯೂಬ್‌ಲೈಟು ಬಂತು. ಮುಂದೆ ಅದೇ ವಿದ್ಯುತ್ತಿನಿಂದ ಕೊಳವೆಬಾವಿಯ ಪಂಪು ನಡೆದು ನಲ್ಲಿಗಳಲ್ಲಿ ನೀರು ಬಂತು. ದೀಪಕ್ಕೂ ನೀರಿಗೂ ಬೇಕಾದ ಅನಿಲ ಅಡುಗೆಗೆ ಬೇಕಾದುದಕ್ಕಿಂತ ತೀರ ಕಡಿಮೆ. ಇದ್ದ ದನಗಳ ಸಗಣಿಯೇ ಸಾಕಾಯಿತು.

ಇಲ್ಲಿ ಎರಡು ಏರ್ಪಾಡುಗಳನ್ನು ವಿಶೇಷವಾಗಿ ಗಮನಿಸಬೇಕು. ಮಾಮೂಲಿ ಸ್ಥಾವರದಿಂದ ಹೊರಬರುವುದು ನೀರುನೀರಾದ ಬಗ್ಗಡ. ಅದನ್ನು ಕುಕ್ಕೆಯಲ್ಲಿ ಹೊರಲಾಗದು. ಗುಂಡಿಯಲ್ಲಿ ಒಣಗಲು ಬಿಟ್ಟರೆ ಅಮೋನಿಯಾ ಆವಿಯಾಗಿ ಸಾರಜನಕ ಕಡಿಮೆಯಾಗುತ್ತದೆ. ಪುರದಲ್ಲಿ ಮರಳಿನ ಹಾಸುಗಳ ಮೇಲೆ ಬಗ್ಗಡವನ್ನು ಸೋಸಿದರು. ಬಸಿದ ನೀರನ್ನು ಮರುದಿನದ ಸಗಣಿ ಕಲಸಲು ಬಳಸಿದರು. ಮೇಲುಳಿದದ್ದು ಸಗಣಿಯಂತೆಯೇ ಗಟ್ಟಿಯಾಗಿದ್ದು, ಯಾರು ಎಷ್ಟು ಸಗಣಿ ತಂದಿದ್ದರೋ ಅದಕ್ಕೆ ತಕ್ಕಂತೆ ಅವರಿಗೇ ಹಿಂದಿರುಗಿತು. ಹೊಲದ ಗೊಬ್ಬರ ಕೈತಪ್ಪುತ್ತದೆ ಎಂಬ ಅಂಜಿಕೆಗೆ ಉತ್ತರ ಕೊಟ್ಟದ್ದು ಈ ಮರಳಿನ ಹಾಸು. ಎರಡನೆಯದಾಗಿ, ಸಗಣಿ ತಂದುಕೊಟ್ಟವರಿಗೆ ಕಿಲೊಗ್ರಾಮಿಗೆ 2 ಪೈಸೆ ಹೊರೆಕೂಲಿ ಕೊಟ್ಟರು. ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಸಗಣಿಯ ಬೆಲೆ ದನದ ಒಡೆಯನಿಗೆ ಸೇರಬೇಕು, ಹೊರುವ ಶ್ರಮದ ಬೆಲೆ ಹೊರುವವರಿಗೆ ಸೇರಬೇಕು ಎಂಬ ಈ ವಿಂಗಡಣೆ ಹಿಂದಿನ ಯಾವ ಯೋಜನೆಯಲ್ಲೂ ಸ್ಪಷ್ಟವಾಗಿ ಕಂಡದ್ದಿಲ್ಲ.

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ‘ಸಾಮೂಹಿಕ ಸ್ವತ್ತಿನ ದುರಂತ’ದ ಬಗ್ಗೆ ಬರೆದ ಲೇಖನ ಪ್ರಸಿದ್ಧ. ಎಲ್ಲರದಾದದ್ದನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಬಳಸಿ ಹಾಳುಮಾಡುತ್ತಾನೆ ಎಂಬುದು ಅದರ ವಾದ. ರೆಡ್ಡಿಯವರು ಪುರವನ್ನು ಅದಕ್ಕೆ ಎದುರಾದ ಉದಾಹರಣೆಯೆಂದು, ‘ಸಾಮೂಹಿಕ ಸ್ವತ್ತಿನ ವರ’ವೆಂದು ಕರೆದರು. ಸಗಣಿ ಕೊಡದೆ ಉಳಿಸಿಕೊಂಡರೆ ಒಬ್ಬನಿಗೆ ಆಗುವ ಲಾಭ ಅಲ್ಪ, ಊರಿಗೆಲ್ಲ ನೀರು, ದೀಪ ನಿಂತರೆ ಅವನಿಗೂ ಆಗುವ ನಷ್ಟ ದೊಡ್ಡದು. ಅಂಥ ಕಡೆ ಸಹಕಾರ ಉಪದೇಶವಿಲ್ಲದೆ ಬರುತ್ತದೆ.

ಈ ವ್ಯವಸ್ಥೆ ಸುಮಾರು ಹತ್ತು ವರ್ಷ ನಡೆದು 1990ರ ದಶಕದ ಕೊನೆಯ ಭಾಗದಲ್ಲಿ ನಿಂತಿತು. ರೆಡ್ಡಿಯವರು 2004ರಲ್ಲಿ, ನಿಧನಕ್ಕೆ ಎರಡು ವರ್ಷ ಮೊದಲು, ಅದರ ಪಾಠಗಳನ್ನು ಕುರಿತು ದೀರ್ಘ ಲೇಖನ ಬರೆದರು. ಸೋಲನ್ನೂ ಗೆಲುವನ್ನೂ ಒಟ್ಟಿಗೆ ದಾಖಲಿಸುವ ಇಂಥ ಬರಹಗಳು ನಮ್ಮಲ್ಲಿ ಕಡಿಮೆ.

ಸೌದೆಯಿದ್ದೂ ಗ್ಯಾಸು

ಇನ್ನು ಶಿರಸಿಯ ಕಡೆ ತಿರುಗಿದರೆ ವೋಲ್ಕರ್ ಸೂತ್ರವೂ ಪೂರ್ತಿ ಸಾಲದೆಂದು ಕಾಣುತ್ತದೆ. ಕಾಡಿನ ನಡುವಿನ ಊರುಗಳು, ಸೌದೆಗೆ ಬರವಿಲ್ಲ, ಬೆರಣಿ ಸುಡುವ ರೂಢಿಯಿಲ್ಲ. ಆದರೂ ರಾಜ್ಯದಲ್ಲಿ ಗೋಬರ್ ಅನಿಲ ಅತ್ಯಂತ ಚೆನ್ನಾಗಿ ನೆಲೆಯೂರಿದ ಕಡೆಗಳಲ್ಲಿ ಇದೊಂದು. ಪಿ. ಆರ್. ಭಟ್, ಎಚ್. ಎನ್. ಚಾಣಕ್ಯ ಮತ್ತು ಎನ್. ಎಚ್. ರವೀಂದ್ರನಾಥ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಡಿದ ಎಂಟು ಹಳ್ಳಿಗಳ ಸ್ಥಾವರಗಳು ಬಹುತೇಕ ಎಲ್ಲವೂ ನಡೆಯುತ್ತಿದ್ದವು. ಸ್ಥಾವರವಿದ್ದ ಮನೆಗಳಲ್ಲಿ ನೂರಕ್ಕೆ 85ರಷ್ಟರ ಅಡುಗೆಯೆಲ್ಲ ಅದರಲ್ಲೇ ಆಗುತ್ತಿತ್ತು.

ಅಲ್ಲಿನ ಅಡಿಕೆ ತೋಟಕ್ಕೆ ಗೊಬ್ಬರದ ಹಸಿವು ಹೆಚ್ಚು. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕುಗಳ ಮೇಲೆ ಬಗ್ಗಡ ಸುರಿದರೆ ಅದು ಬೇಗ ಕಳಿತು ಗೊಬ್ಬರವಾಗುತ್ತದೆ. ಬಗ್ಗಡ ನೀರಾಗಿರುವುದು ಪುರದಲ್ಲಿ ತೊಡಕಾದರೆ ಇಲ್ಲಿ ಅನುಕೂಲ. ಅಂದರೆ ಗ್ಯಾಸಿಗಾಗಿ ಗೊಬ್ಬರವನ್ನು ಬಿಟ್ಟುಕೊಡಬೇಕಾಗಲಿಲ್ಲ. ಮಳೆಗಾಲದ ಹಸಿ ಸೌದೆಯ ಹೊಗೆ ತಪ್ಪಿತು. ಇವಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಸ್ಥಾವರ ಕಟ್ಟಿಕೊಡುವವರು ಒಬ್ಬರಿಗಿಂತ ಹೆಚ್ಚಿದ್ದರು, ಅವರ ನಡುವೆ ಪೈಪೋಟಿಯಿತ್ತು, ಕೆಟ್ಟರೆ ಬಂದು ಉಚಿತವಾಗಿ ಸರಿಮಾಡಿಕೊಡುವ ಭರವಸೆಯಿತ್ತು. ಪಕ್ಕದ ಮನೆಯ ಸ್ಥಾವರ ಕೆಟ್ಟು ನಿಂತಿರುವುದನ್ನು ಕಂಡವರು ತಮ್ಮ ಮನೆಗೆ ಕಟ್ಟಿಸುವುದಿಲ್ಲ, ಸಹಾಯಧನ ಎಷ್ಟೇ ಇರಲಿ.

ಇಂದು ಲೆಕ್ಕದ ಅಂಕಿಗಳು ಬದಲಾಗಿವೆ. ಉಳುವ ಎತ್ತುಗಳ ಜಾಗಕ್ಕೆ ಟ್ರಾಕ್ಟರ್ ಬಂದಿದೆ. ಮೇಯಲು ಹೋಗದ ಮಿಶ್ರತಳಿ ಹಸುಗಳ ಸಗಣಿಯೆಲ್ಲ ಒಂದೇ ಕಡೆ ಬೀಳುತ್ತದೆ, ಪೈಪಿನ ನೀರಿನಲ್ಲಿ ತೊಳೆದು ಚರಂಡಿಗೆ ಬಿಡುವ ಕೊಟ್ಟಿಗೆಗಳೂ ಹೆಚ್ಚಿವೆ. 2016ರ ಉಜ್ವಲ ಯೋಜನೆ ಸಿಲಿಂಡರನ್ನು ಹಳ್ಳಿಯ ಒಲೆಯ ಪಕ್ಕಕ್ಕೆ ತಂದಿತು. 2018ರಲ್ಲಿ ಗೋಬರ್‌ಧನ್ ಯೋಜನೆ ಬಂತು. ಛತ್ತೀಸ್‌ಗಢ ಸರ್ಕಾರ 2020ರ ಜುಲೈಯಿಂದ ಕಿಲೊಗ್ರಾಮಿಗೆ 2 ರೂಪಾಯಿ ಕೊಟ್ಟು ಸಗಣಿ ಕೊಳ್ಳಲಾರಂಭಿಸಿದಾಗ ಪುರದ 2 ಪೈಸೆ ನೆನಪಾಗದಿರಲಿಲ್ಲ.

ಶಾಲೆಯ ವಿಜ್ಞಾನ ಸಂಘಗಳು ಪುರದ ಅಳತೆಯನ್ನು ತಮ್ಮೂರಿನಲ್ಲಿ ಮಾಡಿ ನೋಡಬಹುದು. ಕಟ್ಟಿ ಮೇಯಿಸುವ ಒಂದು ಹಸು, ಬಯಲಿಗೆ ಹೋಗುವ ಒಂದು ಹಸು, ಇವುಗಳ ಕೊಟ್ಟಿಗೆ ಸಗಣಿಯನ್ನು ಒಂದು ವಾರ ಪ್ರತಿದಿನ ತೂಗಿ ಬರೆದಿಡಿ. ಅದು ಎಲ್ಲಿಗೆ ಹೋಯಿತು, ಯಾರು ಹೊತ್ತರು, ಹೊರಲು ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಕಾಲಂಗಳನ್ನು ಪಕ್ಕದಲ್ಲಿ ಸೇರಿಸಿ. ಹೀಗೇಕೆ ಎಂದು ಮನೆಯ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಎರಡು ಉತ್ತರಗಳೂ ಒಂದೇ ಇರಬೇಕೆಂದೇನೂ ಇಲ್ಲ.